ಕೀಲಿ ಕೊಡದ ಬ್ರೋಕರಣ್ಣ

ಅವರ ಅಂಗಿಯ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಊರವರ ಖಾಲಿ ಮನೆಗಳ ಕೀಲಿಗಳನ್ನೆಲ್ಲ ಅದರೊಳಗೇ ತುರುಕಿಕೊಂಡು ಓಡಾಡುತ್ತಿದ್ದರಿಂದ ಅಂಗಿ ಒಂದು ಮಗ್ಗುಲಿಗೆ ಎಳೆದು, ಕಾಲರು ಓರೆಯಾಗಿ ಕೂತಿರುತ್ತಿತ್ತು. ಜೇಬಿನ ಹೊಲಿಗೆ ಬಿಟ್ಟಾಗ ನಮ್ಮ ಮನೆಗೆ ಬರುವರು. ಜೀನ್ಸ್ ಪ್ಯಾಂಟಿಗೆ ಹಾಕುವ ದಪ್ಪ ಹಳದಿ ದಾರದಲ್ಲಿ ಹೊಲಿದುಕೊಡುತ್ತಿದ್ದೆ. ಬಿಳಿ ಅಂಗಿಯ ಮೇಲೆ ಅದು ಎದ್ದು ಕಾಣುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ರಾಯದುರ್ಗದಲ್ಲಿ ಅವರು ಎಲ್ಲರಿಗೂ ಬ್ರೋಕರಣ್ಣ. ಕೂತಿದ್ದನ್ನು ನೋಡಿದವರಿಲ್ಲ. ಬಾಗಿಲಲ್ಲೇ ನಿಂತು ಅರ್ಧ ಚಹಾ ಕುಡಿದು, "ಹೊತ್ತಾತು, ನಡ್ರಿ" ಎಂದು ಗಾಡಿ ಒದೆಯುವುದೇ. ದೊಡ್ಡ ಪುಣ್ಯಾತ್ಮರೇನಲ್ಲ ಮತ್ತೆ! ಕಮಿಷನ್ ವಿಷಯದಲ್ಲಿ ಜಿಗುಟು. ಆದರೆ ಗೋಡೆಯ ಬಿರುಕನ್ನು ಕ್ಯಾಲೆಂಡರ್ ಹಿಂದೆ ಮುಚ್ಚಿಡುವ ಜಾತಿಯವರಲ್ಲ.

ನಾವಿದ್ದ ಬಾಡಿಗೆ ಮನೆಯ ಯಜಮಾನನಿಗೆ ನಮ್ಮ ಹೊಲಿಗೆ ಮಷೀನುಗಳ ಸದ್ದು ಸಾಕಾಗಿತ್ತು. ಯುಗಾದಿಯೊಳಗೆ ಖಾಲಿ ಮಾಡಿ ಎಂದುಬಿಟ್ಟ. ಮಷೀನು ಎಂದರೆ ಬೇರೆಯವರೂ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಷೀನು ನಿಂತರೆ ನಮ್ಮ ಒಲೆಯೂ ನಿಂತಂತೆ. ನನಗಂತೂ ಊಟ ಸೇರದು, ನಿದ್ದೆ ಹತ್ತದು. ಆಗ ಬ್ರೋಕರಣ್ಣ ಒಂದು ಮನೆಯ ಸುದ್ದಿ ತಂದರು. ಸಾಲ ತೀರಿಸಲಾಗದೆ ಬ್ಯಾಂಕಿನವರ ಪಾಲಾಗಿ ಹರಾಜಿಗೆ ಬಂದಿದ್ದ ಮನೆ. ಅದೂ ಹೊಲಿಗೆಯವರದೇ.

"ಇಂಥ ಮನಿ ಅಗ್ಗ ಖರೆ, ತಂಗಿ. ಆದ್ರ ಒಳಗ ಹೋಗಿ ನೋಡಾಕ ಬಿಡಂಗಿಲ್ಲ. ಹೆಂಗೈತೋ ಹಂಗ ತಗಾಬೇಕು. ಆಮ್ಯಾಲೆ ಅಯ್ಯೋ ಅಂದ್ರ ಬ್ಯಾಂಕಿನೋರು ಕೇಳಂಗಿಲ್ಲ" ಎಂದು ಮೊದಲೇ ಹೇಳಿದರು. ಆಮೇಲೆ ಅವರೇ ಆ ಮನೆಯನ್ನು ಸುತ್ತಿದ್ದೇ ಸುತ್ತಿದ್ದು. ಕರೆಂಟಿನ ಬಾಕಿ ವಿಚಾರಿಸಿದರು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಎಡತಾಕಿದರು, ಕೋರ್ಟಿನಲ್ಲಿ ತಕರಾರು ಇದೆಯೇ ಎಂದು ಕೇಳಿ ಬಂದರು. ಹರಾಜು ನಮ್ಮ ಪಾಲಿಗಾಯಿತು. ಬ್ಯಾಂಕಿನವರು ಕಾಗದದ ಜೊತೆ ಕೀಲಿಯನ್ನೂ ಕೊಟ್ಟರು. ನಮ್ಮವರು ಕೈಚಾಚುವಷ್ಟರಲ್ಲಿ ಬ್ರೋಕರಣ್ಣ ಅದನ್ನು ತಮ್ಮ ಜೇಬಿಗೆ ಹಾಕಿಕೊಂಡರು.

"ಒಳಗ ಆ ಮನಿಯಾಕಿ ದೇವ್ರು ಅದಾವು. ಬ್ಯಾಂಕಿನೋರು ಬೀಗ ಹಾಕೋ ಹೊತ್ನ್ಯಾಗ ಆಕಿ ಹಠ ಮಾಡಿ ಬಿಟ್ಟು ಹೋಗ್ಯಾಳ. ಆಕಿ ಕೈಯಾರೆ ಎತ್ಕೊಂಡು ಹೋಗ್ಲಿ. ಆಮ್ಯಾಲೆ ನೀವು ಹಾಲು ಉಕ್ಕಿಸ್ರಿ."

ನಮ್ಮ ಕಡೆ ಒಬ್ಬರ ಮನೆದೇವರನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ನಿಜ. ಅದು ನನಗೂ ಗೊತ್ತು. ಆದರೆ ಯುಗಾದಿ ತಲೆಯ ಮೇಲೆ ಬಂದಿತ್ತು! "ಅಣ್ಣಾ, ನಮ್ ಮನಿ ಕೀಲಿ ನಮಗ ಕೊಡ್ರಿ" ಎಂದು ಬೀದಿಯಲ್ಲೇ ಜಗಳ ತೆಗೆದೆ. "ತಡಿಯಮ್ಮ" ಎಂದು ಗಾಡಿ ಒದ್ದು ಹೋದರು. ದಿನಾ ಸಂಜೆ ಆ ಮನೆಯ ಮುಂದೆ ಹೋಗಿ ನಿಲ್ಲುವುದು, ಕಿಟಕಿಯ ಸಂದಿಯಲ್ಲಿ ಇಣುಕುವುದು, ಮತ್ತೆ ವಾಪಸು ಬಂದು ಮಷೀನಿನ ಮೇಲೆ ಸಿಟ್ಟು ತೀರಿಸುವುದು. ನಮ್ಮದಾದ ಮನೆಗೆ ನಾವೇ ಕಳ್ಳರ ಹಾಗೆ ಸುಳಿದಾಡುವ ಗತಿ.

ಆ ಮನೆಯಾಕೆ ಗಂಡನ ಜೊತೆ ಬಳ್ಳಾರಿಗೆ ಹೋಗಿ ಒಂದು ಶೆಡ್ಡಿನಲ್ಲಿ ಪ್ಯಾಂಟು ಹೊಲಿಯುತ್ತಿದ್ದಳು. ಬ್ರೋಕರಣ್ಣ ಒಬ್ಬರೇ ಹೋಗಿ ಕರೆದರೆ ಬರಲಿಲ್ಲ. ಇನ್ನೊಮ್ಮೆ ಹೊರಟಾಗ, ಇವರು ಹೋಗುತ್ತಾರೋ ಸುಳ್ಳು ಹೇಳುತ್ತಾರೋ ಎಂದು ನಾನೂ ಬಸ್ಸು ಹತ್ತಿದೆ.

ನಮ್ಮನ್ನು ಕಂಡದ್ದೇ ಆಕೆ ಮಷೀನು ನಿಲ್ಲಿಸಿದಳು. "ಕೀಲಿ ನಿಮ್ ಕೈಯಾಗ ಐತಲ್ಲ, ಹೋಗಿ ಹೊಕ್ಕೋರಿ. ನನ್ನ ಯಾಕ ಕರೀತೀರಿ? ನಾ ಅಳಾದು ನೋಡಾಕೇನು?"

ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಬ್ರೋಕರಣ್ಣ ಮಾತ್ರ ದಾರದ ತುಂಡುಗಳ ನಡುವೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಅವರು ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಈ ಮನೀನ ಇವರಿಗೆ ತೋರಿಸಿದಾವ ನಾನವ್ವಾ. ಬೈಯೋದು ಎಷ್ಟೈತೋ ಇಲ್ಲೇ ನನಗ ಬೈದುಬಿಡು. ಆ ಹೊಸಿಲ ಮ್ಯಾಲೆ ನಿಂತು ಮಾತ್ರ ಬೈಬ್ಯಾಡ. ಅಲ್ಲಿ ಇವ್ರೂ ಮಕ್ಕಳ ಕಟ್ಕೊಂಡು ಬಾಳ್ವಿ ಮಾಡ್ಬೇಕು."

ಬೈದಳು. ಅಬ್ಬಾ, ಕನ್ನಡ ಸಾಲದೆ ತೆಲುಗಿನಲ್ಲೂ ಬೈದಳು. ಶೆಡ್ಡಿನವರೆಲ್ಲ ಕೆಲಸ ಬಿಟ್ಟು ಕೇಳುತ್ತಿದ್ದರು. ಆಕೆಯ ದನಿ ಬಿದ್ದುಹೋದ ಮೇಲೆ ಬ್ರೋಕರಣ್ಣ, "ಒಂದೀಟು ನೀರು ಕೊಡವ್ವ" ಎಂದರು. ಆಕೆ ಎದ್ದು ಹೋಗಿ ಚೊಂಬು ತಂದಳು. ಅವರ ಕೈಗೆ ಕೊಟ್ಟು, ಒಂದು ಗಳಿಗೆ ತಡೆದು ನನಗೂ ಒಂದು ಲೋಟ ತಂದಳು.

ಮುಂದಿನ ಸೋಮವಾರ ಬಂದಳು. ಬ್ರೋಕರಣ್ಣ ಕೀಲಿಯನ್ನು ನಮಗಲ್ಲ, ಆಕೆಗೆ ಕೊಟ್ಟರು. ತಾನೇ ಬೀಗ ತೆಗೆದು, ದೇವರನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಬಂದಳು. ಬೈಯಲಿಲ್ಲ, ಅಳಲೂ ಇಲ್ಲ. ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ಅಡಿಗಿಮನಿ ಮೂಲಿ ಮಳಿಗೆ ಸೋರ್ತೈತಿ ಅಕ್ಕಾ, ಮೊದ್ಲು ಅದನ್ನ ಮಾಡಿಸ್ಕಳ್ರಿ" ಎಂದಳು. ಯಾವ ಕಾಗದದಲ್ಲೂ ಇಲ್ಲದ ಮಾತು, ಕಳೆದುಕೊಂಡವಳ ಬಾಯಲ್ಲಿ ಬಂತು. ನಾಕು ದಿನಕ್ಕೆ ನಮ್ಮ ಮಷೀನುಗಳು ಅಲ್ಲಿ ಸದ್ದು ಮಾಡತೊಡಗಿದವು.

ಹಾಗೆಂದು ನನ್ನ ಮನಸ್ಸು ನಿಂತಿತೇ? ಇಲ್ಲ. ಆಕೆಯ ಹೊಟ್ಟೆಯುರಿ ಈ ಗೋಡೆಗಳಲ್ಲೇ ಇದೆ ಅನ್ನಿಸುತ್ತಿತ್ತು. ಮಗುವಿಗೆ ಜ್ವರ ಬಂದರೆ ಅದೇ ಯೋಚನೆ, ಸೂಜಿ ಮುರಿದರೂ ಅದೇ ಯೋಚನೆ. ಬ್ರೋಕರಣ್ಣನಿಗೆ ಹೇಳಿದರೆ, "ನಿನಗ ಕೆಲಸ ಕಮ್ಮಿ ಆಗೇತಿ" ಎಂದು ರೇಗಿಸಿ ನಡೆಯುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ನಡೆಯುತ್ತಿದ್ದವರು ಹಾಗೇ ಕುಸಿದರಂತೆ. ಮಣ್ಣಿಗೆ ಊರೇ ಸೇರಿತ್ತು. ಬಳ್ಳಾರಿಯಿಂದ ಆಕೆಯೂ ಬಂದಿದ್ದಳು, ನನಗಿಂತ ಹೆಚ್ಚು ಅತ್ತಳು.

ಮಣ್ಣಿಗೆ ಹೋದವರು ಮೈ ತೊಳೆಯದೆ ಬೇರೆಯವರ ಮನೆಗೆ ಕಾಲಿಡುವುದಿಲ್ಲ. ನೆಂಟರ ಮನೆಗೂ ಹೋಗುವುದಿಲ್ಲ, ಸೀದಾ ತಮ್ಮ ಮನೆಗೇ. ನಾನು ಹಿತ್ತಲ ಕಡೆಯಿಂದ ಬಂದು ಹಂಡೆಗೆ ನೀರು ತುಂಬುತ್ತಿದ್ದೆ. ಹಿಂದೆ ಯಾರೋ ಬಂದಂತಾಯಿತು. ಆಕೆ. ಅತ್ತು ಅತ್ತು ಮುಖ ಊದಿತ್ತು. ನನ್ನನ್ನೇನೂ ಕೇಳದೆ ಬಚ್ಚಲಿಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಒಳಗಿನಿಂದ ಕೂಗಿದಳು.

"ಅಕ್ಕಾ, ನಿಂದೊಂದು ಸೀರಿ ಕೊಡು."