ತೊಗರಿ ಹೊಲ ಮುಗಿದ ಮೇಲೆ ಸಮುದ್ರ

ನಮ್ಮ ಮನೆಯಲ್ಲಿ ನಾಳೆ ಪ್ರಯಾಣವೆಂದರೆ ಇವತ್ತು ಸಂಜೆಯಿಂದಲೇ ಹೆಂಗಸರು ನೀರು ಕುಡಿಯುವುದನ್ನು ಬಿಡುತ್ತಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಗಂಡಸರು ಹೊರಡುವಾಗ ಚಹಾ ಕುಡಿಯುತ್ತಾರೆ, ದಾರಿಯಲ್ಲಿ ಮತ್ತೆ ಮತ್ತೆ ಕುಡಿಯುತ್ತಾರೆ, ಬೇಕೆನಿಸಿದಲ್ಲಿ ಗಾಡಿ ನಿಲ್ಲಿಸಿ ಯಾವುದಾದರೂ ಗಿಡದ ಕಡೆ ಮುಖ ಮಾಡಿ ನಿಲ್ಲುತ್ತಾರೆ. ನಾವು ನಾಲಿಗೆ ಒಣಗಿಸಿಕೊಂಡು ಕಿಟಕಿಯಿಂದ ಆಚೆ ನೋಡುತ್ತಿರುತ್ತೇವೆ. ಇದನ್ನು ನೆನೆದರೆ ಈಗಲೂ ನನಗೆ ಪಿತ್ತ ನೆತ್ತಿಗೇರುತ್ತದೆ.

ನಮ್ಮದು ತೆಲಂಗಾಣದ ಗಡಿಯ ಜಹೀರಾಬಾದ್. ಕುರಿ ಸಾಕುವ ಮನೆತನ. ಹೊಲ, ಕುರಿ ಎರಡೂ ಕೊಹೀರ್ ಕಡೆ ಇವೆ, ನಾವು ಪೇಟೆಯಲ್ಲಿದ್ದೇವೆ. ನನ್ನ ಅತ್ತೆ ಹರೆಯದಲ್ಲಿ ಕುರಿಗಳ ಹಿಂದೆ ನಾರಾಯಣಖೇಡದವರೆಗೆ ಕಾಲ್ನಡಿಗೆಯಲ್ಲಿ ಹೋಗಿಬಂದವರು. ಆಗ ಎಲ್ಲ ಹೊಲಗಳೂ ಅವರವೇ, ಎಲ್ಲ ಬದುಗಳೂ ಅವರವೇ. ಎಲ್ಲಿ ನಿಲ್ಲಬೇಕೆಂದು ಯಾರನ್ನೂ ಕೇಳಬೇಕಿರಲಿಲ್ಲ. ಅಂಥವರನ್ನು ಮನೆಯೊಳಗೆ ಕೂರಿಸಿದ್ದು ಒಂದು ಜೀಪು.

ಅವರಿಗೆ ಶುಗರ್ ಬಂದ ಹೊಸತು. ಎಲ್ಲರೂ ದೇವರಿಗೆ ಹೋಗಿ ವಾಪಸು ಬರುತ್ತಿದ್ದೆವು. ಗಾಡಿ ಹೊಡೆಯುತ್ತಿದ್ದವರು ನನ್ನ ಭಾವ, ಗಂಡನ ಅಣ್ಣ. ಅತ್ತೆ ಒಮ್ಮೆ ಸಣ್ಣ ದನಿಯಲ್ಲಿ, "ಜರಾ ನಿಂದರಸ್ತೀ ಏನೋ?" ಎಂದರು. "ಇಕಾ ಬಂತವ್ವ ಊರು, ಹತ್ತ ಮಿನಿಟ್" ಎಂದರು ಭಾವ. ನಮ್ಮ ಕಡೆಯ ಹತ್ತು ಮಿನಿಟು ಎಷ್ಟು ಉದ್ದವೆಂದು ಎಲ್ಲರಿಗೂ ಗೊತ್ತು. ಅತ್ತೆ ಎರಡನೇ ಸಲ ಕೇಳಲಿಲ್ಲ. ಅವರ ಸೀರೆ ಒದ್ದೆಯಾದದ್ದು ಪಕ್ಕದಲ್ಲಿದ್ದ ನನಗೊಬ್ಬಳಿಗೇ ತಿಳಿಯಿತು. ನನ್ನ ಶಾಲನ್ನು ಅವರ ತೊಡೆಯ ಮೇಲೆ ಹೊದಿಸಿದೆ. ಅವರು ನನ್ನ ಕೈ ಹಿಡಿದವರು ಮನೆ ಮುಟ್ಟುವವರೆಗೆ ಬಿಡಲಿಲ್ಲ.

ಅಲ್ಲಿಂದ ಮುಂದೆ ಎಲ್ಲಿಗೆ ಕರೆದರೂ ಒಂದೇ ಮಾತು, "ನನಗ ಮಣಕಾಲ ನೋವು." ಮದುವೆಗಳಿಗೆ ಇಲ್ಲ, ತವರಿಗೆ ಇಲ್ಲ, ಇಲ್ಲೇ ಹತ್ತಿರದ ಝರಾಸಂಗದ ಗುಡಿಗೂ ಇಲ್ಲ. ವಯಸ್ಸಾಯಿತು ಎಂದು ಎಲ್ಲರೂ ತಿಳಿದರು. ಮೊಣಕಾಲಿನ ಮೇಲೆ ಆ ಸುಳ್ಳು ಆರೋಪ ಹೊರಿಸಿದ್ದು ನನಗೂ ಅವರಿಗೂ ಮಾತ್ರ ಗೊತ್ತಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ನನ್ನ ಫೋನಿನಲ್ಲಿ ಮರವಂತೆಯ ರಸ್ತೆಯ ವಿಡಿಯೋ ಬಂತು. ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಹೊಳೆ, ನಡುವೆ ರಸ್ತೆ. ಅತ್ತೆ ಫೋನು ಕಸಿದುಕೊಂಡು ನೋಡಿದರು.

"ಖರೇನೇ ಹಿಂಗ ಅದ ಏನು? ನಮ್ಮ ಮಂಜ್ರಾ ಹೊಳಿಗಿಂತ ದೊಡ್ಡದು?"

"ನೋಡಾಕ ಹೋಗಮ ನಡೀರಿ ಅತ್ತಿ."

"ನೀವ ಹೋಗಿ ಬರ್ರಿ. ನನಗ ಮಣಕಾಲ..." ಎಂದರು. ಮಾತು ಮುಗಿಸಲಿಲ್ಲ, ಫೋನನ್ನೂ ವಾಪಸು ಕೊಡಲಿಲ್ಲ. ಈಕೆಯನ್ನು ಆ ರಸ್ತೆಯ ಮೇಲೆ ಕರೆದೊಯ್ದು ನಿಲ್ಲಿಸದಿದ್ದರೆ ನಾನು ಈ ಮನೆಯ ಸೊಸೆಯೇ ಅಲ್ಲ ಎಂದು ಆಗಲೇ ಹಟ ಹಿಡಿದೆ.

ನಮ್ಮ ಮನೆಯ ಪ್ರಯಾಣಗಳನ್ನು ಗೊತ್ತುಮಾಡುವವರು ಭಾವ. ಅವರ ಲೆಕ್ಕ ಬಹಳ ಸರಳ: ಹುಮನಾಬಾದಿನಲ್ಲಿ ಚಹಾ, ಕಲಬುರಗಿ ದಾಟಿ ಊಟ, ಸಂಜೆಗೆ ಹುಬ್ಬಳ್ಳಿ. "ನಡುವ ಎಲ್ಲೀ ನಿಂದ್ರಂಗಿಲ್ಲ" ಎಂದು ಅವರು ಹೇಳುವಾಗ ಕುಸ್ತಿ ಗೆದ್ದವರ ಮುಖ ಇರುತ್ತದೆ. ಭಾವನ ಜೊತೆ ನಾನು ನೇರ ಮಾತಾಡುವ ರೂಢಿಯಿಲ್ಲ. ಅವರು ಕೇಳುವಂತೆ ಗಂಡನಿಗೆ ಹೇಳುತ್ತೇನೆ, ಅವರೂ ನನಗೆ ಕೇಳುವಂತೆ ತಮ್ಮನಿಗೆ ಉತ್ತರ ಕೊಡುತ್ತಾರೆ. ಹಾಗೆ ಒಂದು ದಿನ ಗಂಡನಿಗೆ ಜೋರಾಗಿಯೇ ಹೇಳಿದೆ: "ಗಾಡಿ ಅವರು ಹೊಡೀಲಿ. ಎಲ್ಲಿ ನಿಂದ್ರಬೇಕು ಅನ್ನೋದು ಈ ಸಲ ನಾ ಹೇಳಾಕಿ."

ಮೊದಲು ಕಾಲ ಗೊತ್ತುಮಾಡಿದೆ. ಕಟಾವು ಮುಗಿದ ಮೇಲೆ ಹೋಗೋಣ ಎಂದರು ಭಾವ. ನಾನು ಸುತರಾಂ ಒಪ್ಪಲಿಲ್ಲ. ತಾಂಡೂರಿನಿಂದ ಕಲಬುರಗಿಯ ಆಚೆಯವರೆಗೂ ನಮ್ಮದು ತೊಗರಿಯ ನಾಡು. ಗಂಡಸರಿಗೆ ತೊಗರಿ ಎಂದರೆ ಬೇಳೆ, ಬಜಾರು. ನಮಗೆ ಅದು ಗೋಡೆ. ಆಳೆತ್ತರ ಬೆಳೆದು ನಿಂತಾಗ ಸಾಲಿನೊಳಗೆ ನಾಲ್ಕು ಹೆಜ್ಜೆ ಹೋದರೆ ಜಗತ್ತಿಗೆ ನಾವು ಕಾಣುವುದಿಲ್ಲ. ಕಟಾವಾದರೆ ಬರೀ ಬಯಲು. ಆದ್ದರಿಂದ ತೊಗರಿ ಇನ್ನೂ ನಿಂತಿರುವಾಗಲೇ ಹೊರಡಬೇಕೆಂದೆ. ಕಾರಣ ಹೇಳಲಿಲ್ಲ, ಗಂಡ ಮಾತ್ರ ನನ್ನ ಮುಖ ನೋಡಿ ಏನೋ ಅರ್ಥ ಮಾಡಿಕೊಂಡು ಅಣ್ಣನನ್ನು ಒಪ್ಪಿಸಿದರು.

ತೊಗರಿ ಮುಗಿದಲ್ಲಿಂದ ಹುಬ್ಬಳ್ಳಿವರೆಗೆ ಪೆಟ್ರೋಲ್ ಬಂಕುಗಳು. ಯಲ್ಲಾಪುರದಿಂದ ಘಾಟಿನ ಕಾಡು. ಕಷ್ಟವಿದ್ದದ್ದು ಅಂಕೋಲೆಯಿಂದ ಮುಂದೆ. ನೋಡಲು ಎಲ್ಲಕ್ಕಿಂತ ಚೆಂದದ ರಸ್ತೆ, ಆದರೆ ಅಲ್ಲಿ ತೊಗರಿ ಎಲ್ಲಿಂದ ಬರಬೇಕು? ಫೋನಿನ ನಕ್ಷೆಯಲ್ಲಿ ಹೋಟೆಲು ಹುಡುಕಿ ಒಂದೊಂದಕ್ಕೂ ಫೋನು ಹಚ್ಚಿದೆ. ಒಬ್ಬರು, "ಬನ್ನಿ ಮೇಡಂ, ಮೀನೂಟ ಭಾರೀ ಚೆನ್ನಾಗಿರ್ತದೆ" ಎಂದರು. "ಊಟ ಇರಲ್ರಿ, ಹೆಂಗಸರ ಬಾಥ್‌ರೂಮಿಗೆ ಒಳಗಿನಿಂದ ಚಿಲಕ ಅದ ಏನು?" ಎಂದೆ. ಅವರು ಪಾಪ, ಎದ್ದು ಹೋಗಿ ನೋಡಿ ಬಂದು ಚಿಲಕ ಇದೆ, ಬಾಗಿಲೇ ಸರಿಯಿಲ್ಲ ಎಂದರು. ನಾಲ್ಕು ಕಡೆ ವಿಚಾರಿಸುವಷ್ಟರಲ್ಲಿ ನನಗೊಂದು ಗುಟ್ಟು ಹೊಳೆಯಿತು: ಫೋನು ಎತ್ತಿದ್ದು ಹೆಣ್ಣು ದನಿಯಾಗಿದ್ದರೆ, ಅಂದರೆ ಗಲ್ಲಾದ ಮೇಲೆ ಹೆಂಗಸು ಕೂತಿದ್ದರೆ, ಅಲ್ಲಿ ಬಾಗಿಲೂ ಚಿಲಕವೂ ನೀರೂ ಇರುತ್ತವೆ. ಅಂಥವನ್ನೇ ಆರಿಸಿಕೊಂಡೆ.

ಅತ್ತೆಯನ್ನು ಒಪ್ಪಿಸಲು ಹೆಚ್ಚು ಮಾತು ಬೇಕಾಗಲಿಲ್ಲ. "ಅತ್ತಿ, ನೀವು ಬಾಯಿ ಬಿಟ್ಟು ಕೇಳೂದು ಬ್ಯಾಡ. ಕೇಳೂ ಮೊದಲೇ ಗಾಡಿ ನಿಂತಿರತದ" ಎಂದೆ. ಅವರು ಎದ್ದುಹೋಗಿ ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದರು.

ಹೊರಟೆವು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಕ್ಯಾನು ತುಂಬ ನೀರು. ಹುಮನಾಬಾದ್ ದಾಟಿದ ಕೂಡಲೇ, "ನಿಂದರಸಾಕ ಹೇಳ್ರಿ, ನನಗ ಇಳೀಬೇಕು" ಎಂದೆ ಗಂಡನಿಗೆ. ನಾನು ಇಳಿದೆ. "ಹೆಂಗೂ ನಿಂತದ" ಎಂದು ಅತ್ತೆಯೂ ಇಳಿದರು. ತೊಗರಿಯ ಸಾಲಿನಿಂದ ಹೊರಬರುವಾಗ ಅವರ ಮುಡಿಯಲ್ಲಿ ಹಳದಿ ಹೂವಿನ ಎಸಳು ಸಿಕ್ಕಿಕೊಂಡಿತ್ತು. ಹೀಗೇ ದಾರಿಯುದ್ದಕ್ಕೂ ಇಳಿಯುವವಳು ನಾನು, ಸುಮ್ಮನೆ ಜೊತೆಗೆ ಬರುವವರು ಅತ್ತೆ. ಕೊನೆಗೆ ಭಾವನ ತಾಳ್ಮೆ ತಪ್ಪಿತು. "ಏನೋ ತಮ್ಮಾ, ನಿನ್ನ ಹೇಣ್ತಿ ಹೊಟ್ಟ್ಯಾಗ ಕೆರಿ ಅದ ಏನೋ?" ಎಂದರು. ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಬೈಸಿಕೊಂಡದ್ದಕ್ಕೆ ಅಷ್ಟು ಸುಖ ನನಗೆ ಎಂದೂ ಆಗಿರಲಿಲ್ಲ. ಆದರೂ ಅತ್ತೆ ನೀರಿನ ಲೋಟವನ್ನು ತುಟಿಗೆ ತಾಗಿಸುವುದಷ್ಟೇ, ಕುಡಿಯುವುದಿಲ್ಲ. ಅಷ್ಟು ಸುಲಭಕ್ಕೆ ಹೋಗುವ ಅಂಜಿಕೆಯಲ್ಲ ಅದು.

ಮರುದಿನ ಘಾಟು ಇಳಿದೆವು. ಅಂಕೋಲೆ, ಕುಮಟಾ, ಹೊನ್ನಾವರ, ನಾನು ಹೇಳಿದಲ್ಲೆಲ್ಲ ಬಾಗಿಲು, ಚಿಲಕ, ನೀರು. ತೆಂಗಿನ ಮರಗಳ ಸಂದಿನಲ್ಲಿ ಸಮುದ್ರ ಇಣುಕಿದಾಗಲೆಲ್ಲ ಅತ್ತೆ ಕೈ ಮುಗಿಯುತ್ತಿದ್ದರು. ಬೈಂದೂರು ದಾಟಿದ ಮೇಲೆ ನಾನು ಗೊತ್ತುಮಾಡಿದ್ದ ಹೋಟೆಲು ಬಂತು. ಅದರ ಶಟರ್ ಎಳೆದು ಬೀಗ ಹಾಕಿತ್ತು. ಬೇರೆ ಹೋಟೆಲಿಗಾಗಿ ಫೋನಿನಲ್ಲಿ ಹುಡುಕತೊಡಗಿದೆ.

ಅಷ್ಟರಲ್ಲಿ ಆ ರಸ್ತೆಯೇ ಬಂದುಬಿಟ್ಟಿತು. ಬಲಕ್ಕೆ ಸಮುದ್ರ, ಎಡಕ್ಕೆ ಹೊಳೆ. ಎಷ್ಟು ದಿನಗಳಿಂದ ಕನಸಿದ ರಸ್ತೆ, ಆದರೆ ಮರೆಗೆ ಒಂದು ಗಿಡವೂ ಇಲ್ಲ. ಅತ್ತೆ ಸಮುದ್ರ ನೋಡುತ್ತಿರಲಿಲ್ಲ. ಅವರ ಕೈ ನನ್ನ ಕೈ ಹುಡುಕಿ ಹಿಡಿಯಿತು. ಆ ಹಿಡಿತ ನನಗೆ ಗುರುತಿತ್ತು. "ನಿಂದರಸಾಕ ಹೇಳ್ರಿ" ಎಂದೆ ಗಂಡನಿಗೆ.

"ಮುಂದ ಕುಂದಾಪುರ ಬಂತು ಅಂತ ಹೇಳೋ, ಹತ್ತ ಮಿನಿಟ್" ಎಂದರು ಭಾವ.

ಹಿಡಿದಿದ್ದ ಕೈಯನ್ನು ಅತ್ತೆ ಬಿಟ್ಟರು. ಮುಂದಿನ ಸೀಟಿನ ಮೇಲೆ ಬಡಿದರು. "ನಿಂದರಸೋ ಗಾಡಿ! ಆಕಿಗಲ್ಲ, ನನಗ ಹೋಗಬೇಕಾಗ್ಯಾದ. ನಿನ್ನ ಹತ್ತ ಮಿನಿಟ್ ನನಗ ಗೊತ್ತದ. ಹ್ವಾದ ಸಲ ನನ್ನ ಸೀರಿ ಹಸಿ ಆಗಿತ್ತು, ನೀ ಗಾಡಿ ಹೊಡಕೋತ ಕುಂತಿದ್ದಿ."

ಗಾಡಿ ಗಕ್ಕನೆ ನಿಂತಿತು. ಭಾವ ಸ್ಟೇರಿಂಗು ಹಿಡಿದವರು ಹಿಡಿದೇ ಇದ್ದರು. ನಾನು ಇಳಿದು ಓಡಿದೆ. ಸ್ವಲ್ಪ ಮುಂದೆ ಹೆಂಚಿನ ಮನೆಯೊಂದರ ಅಂಗಳದಲ್ಲಿ ಹೆಂಗಸೊಬ್ಬರು ಮೀನು ಒಣಹಾಕುತ್ತಿದ್ದರು. "ಅಕ್ಕಾರ, ನಮ್ಮ ಅತ್ತಿಗಿ ಬಾಥ್‌ರೂಮಿಗೆ ಹೋಗಬೇಕಾಗ್ಯಾದ್ರಿ" ಎಂದು ರಸ್ತೆಗೆಲ್ಲ ಕೇಳುವಂತೆ ಕೂಗಿದೆ. "ಅಯ್ಯೋ, ಬನ್ನಿ ಬನ್ನಿ, ಅದಕ್ಕೆ ಕೇಳುವುದೆಂತ!" ಎಂದರು ಆ ಪುಣ್ಯಾತ್ಗಿತ್ತಿ. ಅತ್ತೆ ಇಳಿದು ಬಂದರು, ನಾಲ್ಕು ಮಂದಿ ನೋಡುವಂತೆ, ತಲೆ ಎತ್ತಿ.

ಹಿತ್ತಲಿನಿಂದ ಕೈಕಾಲು ತೊಳೆದು ಬಂದ ಅತ್ತೆ, ಆ ಮನೆಯಾಕೆಯ ಹತ್ತಿರ ಒಂದು ತಂಬಿಗೆ ನೀರು ಕೇಳಿದರು. ನಿಂತಲ್ಲೇ ಗಟಗಟ ಕುಡಿದರು. "ಇನ್ನೊಂದ ಕೊಡವ್ವ" ಎಂದು ಅದನ್ನೂ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡರು. ಗೆದ್ದೆವು ಎಂದು ಎದೆ ಉಬ್ಬಿ ನನ್ನ ಕಣ್ಣಲ್ಲಿ ನೀರೇ ಬಂತು. ಆಮೇಲೆ ರಸ್ತೆ ದಾಟಿ ಇಬ್ಬರೂ ಸಮುದ್ರಕ್ಕೆ ಇಳಿದೆವು. ಅತ್ತೆ ಸೀರೆ ಎತ್ತಿ ಕಟ್ಟದೆ ಮೊಣಕಾಲುದ್ದ ನೀರಿನಲ್ಲಿ ನಿಂತು, ತೊಯ್ದರೆ ತೊಯ್ಯಲಿ ಎಂದು ನಕ್ಕರು. ಮಂಜ್ರಾ ಇದರ ಮುಂದೆ ಒಂದು ತಂಬಿಗೆ ಎಂದರು.

ಮತ್ತೆ ಗಾಡಿ ಹತ್ತಿದೆವು. ಕುಂದಾಪುರ ಹತ್ತಿರ ಬರುವಾಗ ಭಾವ ತಾವಾಗಿಯೇ ವೇಗ ಇಳಿಸಿ ಹಿಂದಕ್ಕೆ ತಿರುಗಿದರು.

"ಅವ್ವಾ, ನಿಂದರಸಲೇನು?"

ಅತ್ತೆ ಕ್ಯಾನಿನಿಂದ ಲೋಟಕ್ಕೆ ನೀರು ಬಗ್ಗಿಸಿಕೊಳ್ಳುತ್ತಿದ್ದರು. "ನೀ ಸುಮ್ಮ ನಡಿ" ಎಂದರು. "ನಿಂದ್ರಬೇಕಂದಾಗ ನಾ ಹೇಳ್ತೀನಿ."