ನಕ್ಷೆಯಲ್ಲಿ ಹಸಿರಾಗಿದ್ದ ಊರು

ಸಾಗರದ ಕಾಲೇಜೊಂದರಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಮಂಗನ ಕಾಯಿಲೆ ಮುಂದೆ ಯಾವ ಊರಿನಲ್ಲಿ ಕಾಣಿಸಿಕೊಳ್ಳಬಹುದು ಎಂದು ಮೊದಲೇ ಹೇಳುವ ಕಂಪ್ಯೂಟರ್ ಮಾಡೆಲ್ ಕಟ್ಟುವ ಕೆಲಸಕ್ಕೆ ಕೆಲವು ವರ್ಷಗಳ ಹಿಂದೆ ನನ್ನನ್ನೂ ಸೇರಿಸಿಕೊಂಡರು. ಒಬ್ಬರು ವೈದ್ಯರು, ಒಬ್ಬರು ಪಶುವೈದ್ಯರು, ಜೊತೆಗೆ ನಾನು. ಕಾಡು, ಮಂಗ, ಮಂಗನ ಮೈಮೇಲೆ ರಕ್ತ ಹೀರುತ್ತ ರೋಗ ಹರಡುವ ಉಣುಗು, ಬಿಸಿಲು, ಮೇಯಲು ಹೋಗುವ ದನ, ಸೌದೆಗೆ ಹೋಗುವ ಮನುಷ್ಯರು, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಲೆಕ್ಕಕ್ಕೆ ತರುವುದು ನನ್ನ ಪಾಲಿಗೆ ಬಂತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ನಕ್ಷೆಯನ್ನು ಚೌಕಗಳಾಗಿ ಒಡೆದೆವು. ಚಳಿಗಾಲದಿಂದ ಮಳೆ ಬೀಳುವವರೆಗೆ ವಾರಕ್ಕೊಮ್ಮೆ ಪ್ರತಿ ಚೌಕಕ್ಕೂ ಬಣ್ಣ ಬರುತ್ತಿತ್ತು. ಕೆಂಪು ಎಂದರೆ ಅಪಾಯ, ಹಳದಿ ಎಂದರೆ ಎಚ್ಚರ, ಹಸಿರು ಎಂದರೆ ಸದ್ಯಕ್ಕೆ ಹೆದರಬೇಕಾಗಿಲ್ಲ.

ಮಾಡೆಲ್ ಹೇಳಿದ್ದು ಮೊದಮೊದಲು ಬಹುಪಾಲು ನಿಜವಾಯಿತು. ತೀರ್ಥಹಳ್ಳಿ ಕಡೆಯ ಒಂದು ಊರು ಕೆಂಪಾದ ಮರುವಾರವೇ ಅಲ್ಲಿ ಜ್ವರ ಶುರುವಾಯಿತು. ಆಸ್ಪತ್ರೆಯವರು ಸಿದ್ಧವಾಗಿದ್ದರಿಂದ ಎಲ್ಲರೂ ಉಳಿದುಕೊಂಡರು. ಆಮೇಲೆ ಆರೋಗ್ಯ ಇಲಾಖೆಯವರು ನಮ್ಮ ನಕ್ಷೆ ನೋಡಿಯೇ ತಮ್ಮ ಜನರನ್ನು ಕಳಿಸುವುದು, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚುವುದು ರೂಢಿಯಾಯಿತು. ಹಸಿರು ಊರುಗಳ ಕಡೆ ಯಾರೂ ತಲೆ ಹಾಕುತ್ತಿರಲಿಲ್ಲ.

ನನ್ನ ಅಕ್ಕನನ್ನು ಕೊಟ್ಟಿದ್ದು ಹೊಸನಗರ ತಾಲ್ಲೂಕಿನ ಒಂದು ಊರಿಗೆ. ಮನೆಯ ಹಿಂದಿನಿಂದಲೇ ಕಾಡು. ಬೇಸಿಗೆಯಲ್ಲಿ ಅಲ್ಲಿಯ ಹೆಂಗಸರು ಕಾಡಿನ ಒಣ ಎಲೆ, ಅಂದರೆ ದರಗು, ಗುಡಿಸಿ ಕೊಟ್ಟಿಗೆಗೆ ತಂದು ಹಾಸುತ್ತಾರೆ. ಒಂದು ವರ್ಷ ಸುತ್ತಲಿನ ಚೌಕಗಳೆಲ್ಲ ಹಳದಿಗೆ ತಿರುಗಿದರೂ ಅಕ್ಕನ ಊರು ಮಾತ್ರ ಹಸಿರಾಗಿಯೇ ಉಳಿಯಿತು. ನನಗೆ ಒಳಗೊಳಗೇ ಸಮಾಧಾನ.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಅದೂ ಇದೂ ಮಾತಾಡಿ ಕೊನೆಗೆ, "ಈ ಸಲ ಮಂಗನ ಕಾಟನೇ ಇಲ್ಲ ಕಣೆ. ಬಾಳೆಗೊನೆ ಗಿಡದಲ್ಲೇ ಹಣ್ಣಾಗ್ತಿದೆ" ಅಂದಳು.

ಈ ಕಾಯಿಲೆಗೆ ಮೊದಲು ಸಾಯುವುದು ಮಂಗಗಳು, ಆಮೇಲೆ ಅವುಗಳ ಮೈಮೇಲಿನ ಉಣುಗು ನೆಲಕ್ಕಿಳಿದು ಮನುಷ್ಯರಿಗೆ ಹತ್ತುತ್ತದೆ. ಎಷ್ಟು ದಿನದಿಂದ ಎಂದು ಕೇಳಿದೆ. ಸಂಕ್ರಾಂತಿ ಕಳೆದ ಮೇಲೆ ಒಂದನ್ನೂ ಕಂಡ ನೆನಪಿಲ್ಲ ಎಂದಳು. ಸತ್ತ ಮಂಗ ಯಾರಿಗಾದರೂ ಕಂಡಿತ್ತೇ ಎಂದೆ.

"ಕಂಡ್ರೂ ಯಾರು ಹೇಳ್ತಾರೆ? ಹೇಳಿದ್ರೆ ಕಾಡಿಗೆ ಹೋಗ್ಬೇಡಿ ಅಂತಾರೆ. ಆಮೇಲೆ ಕೊಟ್ಟಿಗೆಗೆ ಎಂತ ಹಾಕೋದು?"

ಪಕ್ಕದ ಮನೆಯಾಕೆಯ ಜೊತೆ ತಾನೂ ದಿನಾ ದರಗಿಗೆ ಹೋಗುತ್ತಿರುವುದಾಗಿ ಹೇಳಿದಳು. ಆಕೆ ಊರ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಗಟ್ಟಿ ದನಿ, ಅದಕ್ಕಿಂತ ಗಟ್ಟಿ ನಗು. ನಾನು ಹೋದಾಗಲೆಲ್ಲ ಬೇಲಿಯಾಚೆಯಿಂದಲೇ ಮಾತಾಡಿಸುತ್ತಿದ್ದರು.

ಫೋನ್ ಇಟ್ಟು ಲ್ಯಾಪ್‌ಟಾಪ್ ತೆರೆದೆ. ಅಕ್ಕನ ಊರಿನಲ್ಲಿ ಸತ್ತ ಮಂಗಗಳು ಎಷ್ಟು ಎಂಬಲ್ಲಿ ವಾರ ವಾರವೂ ಸೊನ್ನೆ. ಒಂದೂ ಸತ್ತಿಲ್ಲ ಎಂಬುದಕ್ಕೂ ಯಾರೂ ಹೇಳಿಲ್ಲ ಎಂಬುದಕ್ಕೂ ಮಾಡೆಲ್‌ಗೆ ವ್ಯತ್ಯಾಸ ಗೊತ್ತಿರಲಿಲ್ಲ. ಆ ಊರಿನ ಜನ ಸುಮ್ಮನಿದ್ದಷ್ಟೂ ಅದು ಆ ಊರನ್ನು ಹೆಚ್ಚು ಹೆಚ್ಚು ಹಸಿರು ಮಾಡುತ್ತಾ ಹೋಗಿತ್ತು.

ತಂಡದ ವೈದ್ಯರಿಗೆ ಹೇಳಿದೆ. ಅವರು ತಕ್ಷಣ ಒಪ್ಪಿದರು. ಆದರೆ ಇದ್ದ ಸಿಬ್ಬಂದಿಯೆಲ್ಲ ಕೆಂಪು ಚೌಕಗಳಿಗೆ ಹೋಗಿಯಾಗಿತ್ತು. ಮರುದಿನ ನಾನೇ ಖಾಸಗಿ ಬಸ್ ಹತ್ತಿದೆ. ಭಾವ ಕಾಡಿಗೆ ಕರೆದುಕೊಂಡು ಹೋದರು. ಇಬ್ಬರೂ ಮೈತುಂಬ ಬಟ್ಟೆ ಹಾಕಿ, ಎಣ್ಣೆ ಬಳಿದುಕೊಂಡಿದ್ದೆವು. ನಡೆಯುತ್ತ ಹೋದ ಹಾಗೆ ನಮ್ಮ ಹೆಜ್ಜೆಯ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಮೇಲೆ ಒಂದು ಕೊಂಬೆಯೂ ಅಲುಗಲಿಲ್ಲ. ಆಮೇಲೆ ವಾಸನೆ ಬಂತು.

"ಅಲ್ಲೇ ನಿಲ್ಲು, ಮುಂದೆ ಬರ್ಬೇಡ" ಎಂದರು ಭಾವ.

ಮರದ ಬುಡದಲ್ಲಿ ಸತ್ತ ಮಂಗವೊಂದು ಮುದುರಿಕೊಂಡು ಬಿದ್ದಿತ್ತು. ಸ್ವಲ್ಪ ಆಚೆ ಇನ್ನೊಂದು, ಅದರ ಹೊಟ್ಟೆಗೆ ಅಂಟಿಕೊಂಡ ಹಾಗೇ ಮರಿ. ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ನೆಲ. ಹೆಂಗಸರು ದರಗು ಗುಡಿಸಿದ ಗುರುತು ಆ ಮರದ ಹತ್ತಿರದವರೆಗೂ ಬಂದಿತ್ತು. ವಾಸನೆಗೆ ಮೂಗು ಮುಚ್ಚಿಕೊಂಡು ಅಲ್ಲಿಂದ ಬೇರೆ ಕಡೆಗೆ ತಿರುಗಿದ್ದರು, ಅಷ್ಟೆ.

ಮನೆಗೆ ಬಂದು ಬಟ್ಟೆಗಳನ್ನು ಕುದಿಯುವ ನೀರಿಗೆ ಹಾಕಿದೆವು. ಅಕ್ಕನ ತಲೆಗೂದಲು ಬಿಡಿಸಿ ನೋಡಿದಾಗ ಕಿವಿಯ ಹಿಂದೆ ಸಾಸಿವೆಗಿಂತ ಚಿಕ್ಕ ಉಣುಗು ಕಚ್ಚಿಕೊಂಡಿತ್ತು. ತೆಗೆದು ತೋರಿಸಿದೆ.

ಮೊದಲು ಮಲಗಿದ್ದು ಪಕ್ಕದ ಮನೆಯಾಕೆ. ಬಿಸಿಲಿನ ಜ್ವರ ಎಂದು ಹೇಳಿಕೊಂಡು ಶಾಲೆಗೆ ಹೋಗಿ ಅಡುಗೆಯನ್ನೂ ಮಾಡಿ ಬಂದರಂತೆ. ಸಾಗರದ ಆಸ್ಪತ್ರೆಗೆ ತರುವಾಗ ವಸಡಿನಲ್ಲಿ ರಕ್ತ ಬರುತ್ತಿತ್ತು. ನಾನು ನೋಡಲು ಹೋದಾಗ ಕಣ್ಣು ತೆರೆದರು, ಆದರೆ ಅವರಿಗೆ ನನ್ನ ಗುರುತು ಸಿಗಲಿಲ್ಲ. ಅವರು ತೀರಿಕೊಂಡ ದಿನವೇ ಆ ವಾರದ ನಕ್ಷೆ ಬಂತು. ರಕ್ತದ ವರದಿಯೂ ಸತ್ತ ಮಂಗಗಳ ಸುದ್ದಿಯೂ ಪ್ರಯೋಗಾಲಯದಿಂದ ಖಚಿತವಾಗಿ ಬಾರದೆ ಇನ್ನೂ ಅದರೊಳಗೆ ಸೇರಿರಲಿಲ್ಲ. ಅಕ್ಕನ ಊರು ಹಸಿರಾಗಿಯೇ ಇತ್ತು.

ಅಷ್ಟರಲ್ಲಿ ಅಕ್ಕನಿಗೂ ಜ್ವರ ಏರಿತ್ತು. ಅವಳನ್ನು ಶಿವಮೊಗ್ಗಕ್ಕೆ ಕರೆದೊಯ್ದೆವು. ಇದಕ್ಕೆಂದೇ ಔಷಧಿ ಇಲ್ಲ, ಕಾಯಬೇಕು ಎಂದರು ಅಲ್ಲಿಯ ವೈದ್ಯರು. ಭಾವ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು, ಇನ್ನು ಅವಳ ಜ್ವರ ಯಾವಾಗ ಇಳಿಯುತ್ತದೆ ಎಂದು ನಿನ್ನ ಮಾಡೆಲ್ ಹೇಳುತ್ತದಾ ಎಂದು ಕೇಳಿದರು. ಕುಹಕವಿರಲಿಲ್ಲ, ನಿಜವಾಗಿಯೇ ಕೇಳಿದ್ದರು. ಇಲ್ಲ ಎಂದೆ. ಜ್ವರ ಇಳಿದು, ಮತ್ತೆ ಏರಿ, ಅಂತೂ ಬಿಟ್ಟಿತು. ಅಕ್ಕ ಮನೆಗೆ ಬಂದಳು. ಬಹಳ ದಿನ ಲೋಟ ಹಿಡಿದರೆ ಕೈ ನಡುಗುತ್ತಿತ್ತು.

ಮಾಡೆಲ್ ಅನ್ನು ಮತ್ತೆ ಕಟ್ಟಿದೆವು. ಸುದ್ದಿಯೇ ಬರದ ಊರುಗಳಿಗೆ ಈಗ ಬೂದು ಬಣ್ಣ. ಹೊಸ ನಕ್ಷೆಯನ್ನು ಆರೋಗ್ಯ ಇಲಾಖೆಯವರಿಗೆ ಮೊದಲ ಸಲ ತೋರಿಸಿದೆವು. ಅರ್ಧಕ್ಕರ್ಧ ಬೂದು. ಇಷ್ಟು ದಿನ ಅದನ್ನೇ ನಾವು ಹಸಿರು ಎಂದುಕೊಂಡಿದ್ದೆವು. ಹೀಗಾದರೆ ಜನರನ್ನು ಎಲ್ಲಿಗೆ ಕಳಿಸುವುದು ಎಂದು ಅಧಿಕಾರಿಯೊಬ್ಬರು ಕೇಳಿದರು. ನಮ್ಮ ಪಶುವೈದ್ಯರು, ಬೂದು ಇರುವ ಕಡೆಗೇ ಎಂದರು.

ಈ ಚಳಿಗಾಲದಲ್ಲಿ ನಮ್ಮ ತಾಲ್ಲೂಕಿನ ಬ್ಯಾಕೋಡಿನಿಂದಾಚೆ, ಅಣೆಕಟ್ಟಿನ ಹಿನ್ನೀರಿನ ಅಂಚಿನ ಚೌಕಗಳು ಬೂದಾಗುತ್ತಿವೆ. ನಾಳೆ ಪಶುವೈದ್ಯರ ಜೊತೆ ಹೊರಡುತ್ತಿದ್ದೇನೆ. ಅಲ್ಲಿಯ ಆಶಾ ಕಾರ್ಯಕರ್ತೆಗೆ ಇವತ್ತು ಫೋನ್ ಮಾಡಿದ್ದೆ.

"ಇಲ್ಲಿ ಎಂತದ್ದೂ ಇಲ್ಲ ಮೇಡಂ. ಯಾರೂ ಏನೂ ಹೇಳಿಲ್ಲ" ಎಂದರು.