ಬ್ಯಾಟರಿ ಇದ್ದಷ್ಟು ಕಾಲು ಚಾಚು

ಟೈಲರಮ್ಮನ ಮನೆಗೆ ಚಕ್ರಗಳಿದ್ದವು. ಅದನ್ನು ಕೇಳಿದವರು, “ಎಂಥ ಪುಣ್ಯವಂತೆ, ದಿನಕ್ಕೊಂದು ಊರು!” ಎಂದು ಬಾಯಿ ಬಿಡುತ್ತಿದ್ದರು. ದೂರದ ಬೆಟ್ಟ ನುಣ್ಣಗೆ. ಒಳಗೆ ಬಂದು ಒಂದೇ ಒಂದು ಚಳಿಗಾಲ ಕಳೆದಿದ್ದರೆ ಗೊತ್ತಾಗುತ್ತಿತ್ತು.

ಅವಳ ಗಂಡ ಜೀವಮಾನವಿಡೀ ಬಸ್ ಓಡಿಸಿದವನು. ನಿವೃತ್ತನಾದ ಮೇಲೆ ಒಂದು ಕಡೆ ಕೂತರೆ ಸತ್ತೇ ಹೋಗುತ್ತೇನೆ ಎಂದು ಹಟ ಹಿಡಿದ. ಬಾಡಿಗೆ ಮನೆ ಬಿಟ್ಟು, ಬ್ರೆಡ್ ಸಾಗಿಸುತ್ತಿದ್ದ ಹಳೇ ವ್ಯಾನೊಂದನ್ನು ಮನೆ ಮಾಡಿದ. ಮಂಚಕ್ಕೆ ಜಾಗ ಸಾಲದೆಂದು ಹಿಂದಿನ ಬಾಗಿಲನ್ನು ವೆಲ್ಡ್ ಮಾಡಿಸಿಬಿಟ್ಟ. ಮುಂದಿದ್ದ ಒಂಟಿ ಡ್ರೈವರ್ ಸೀಟಿಗೂ ಮನೆಗೂ ನಡುವೆ ತಗಡಿನ ಗೋಡೆ ಮೊದಲೇ ಇತ್ತು. ಹೀಗಾಗಿ ಒಳಗೆ ಹೋಗಲು, ಹೊರಗೆ ಬರಲು ಇದ್ದದ್ದು ಪಕ್ಕದ ಜಾರುಬಾಗಿಲು ಒಂದೇ.

ಇಂಜಿನ್ನಿಗೂ ಮನೆಗೂ ಸೇರಿ ಬ್ಯಾಟರಿಯೂ ಒಂದೇ. ಮೊದಲ ಚಳಿಗಾಲದಲ್ಲಿ ಟೈಲರಮ್ಮ ಸಣ್ಣ ಹೀಟರ್ ಹಾಕಿಕೊಂಡು ಮಲಗಿದ್ದಕ್ಕೆ ಬೆಳಿಗ್ಗೆ ಗಾಡಿ ಕೆಮ್ಮಲೂ ಇಲ್ಲ. ಅಂದೇ ಹೀಟರ್ ಕಪಾಟು ಸೇರಿತು. “ಬ್ಯಾಟರಿ ಇದ್ದಷ್ಟು ಕಾಲು ಚಾಚು” ಎಂಬುದು ಗಂಡನ ವೇದವಾಕ್ಯವಾಯಿತು. ಗ್ಯಾಸ್ ಒಲೆ ಉರಿಸಿ ಮಲಗೋಣವೆಂದರೆ, ಮುಚ್ಚಿದ ಗಾಡಿಯಲ್ಲಿ ಹಾಗೆ ಮಲಗಿದವರು ಮತ್ತೆ ಏಳುವುದಿಲ್ಲ. ಉಳಿದದ್ದು ಅವಳ ಸೂಜಿ. ತೆರೆಯಲು ಬಾರದ ಪುಟ್ಟ ಕಿಟಕಿ ಕಿಟಕಿಗೂ ಅಳತೆ ತೆಗೆದು, ಹಳೇ ಕಂಬಳಿ ಒಳಗಿಟ್ಟು ದಪ್ಪ ಪರದೆ ಹೊಲಿದಳು. ಮಂಚದ ಸುತ್ತ ಇನ್ನೊಂದು ಪರದೆ ಇಳಿಬಿಟ್ಟು ಗಾಡಿಯೊಳಗೇ ಗೂಡು ಮಾಡಿದಳು. ಸಂಜೆ ನೀರು ಕಾಯಿಸಿ ರಬ್ಬರ್ ಚೀಲಗಳಿಗೆ ತುಂಬಿ ಹಾಸಿಗೆಯೊಳಗೆ ತೂರಿಸುತ್ತಿದ್ದಳು. ಬ್ಯಾಟರಿ ಮುಟ್ಟದೆ ರಾತ್ರಿ ಕಳೆಯುತ್ತಿತ್ತು. ಗಂಡ ಸಿಕ್ಕಸಿಕ್ಕವರಿಗೆಲ್ಲ ಅದನ್ನು ಹೇಳಿ ಮೀಸೆ ತಿರುವುತ್ತಿದ್ದ. ಹೊಲಿದವಳು ಯಾರು ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತಿದ್ದ.

ಮೂರನೇ ಚಳಿಗಾಲಕ್ಕೆ ಅವರು ಬೆಟ್ಟದ ಮೇಲಿನ ಒಂದು ಪೇಟೆಯಲ್ಲಿ ನಿಂತಿದ್ದರು. ಅಲ್ಲಿ ಪರದೆ ಅಂಗಡಿಯ ಯಜಮಾನಿ ಗಾಡಿಯೊಳಗೆ ಇಣುಕಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಒಂದೇ ಮಾತು ಹೇಳಿದಳು.

“ನಾಳೆ ಶಟರ್ ಎತ್ತೋ ಹೊತ್ತಿಗೆ ಬಾಮ್ಮ. ಬಂದ್ರೆ ಮಷೀನೂ ನಿಂದು, ಮೇಲಿನ ಕೋಣೆನೂ ನಿಂದು. ಬರದಿದ್ರೆ ಇನ್ನೊಬ್ಬಳು ಕಾಯ್ತಿದಾಳೆ.”

ಕೋಣೆಯ ಗೋಡೆಯಲ್ಲಿ ಹೀಟರ್ ಇತ್ತು. ಬಾಗಿಲು ಹೊರಕ್ಕೆ ತೆರೆದರೆ ಮೆಟ್ಟಿಲು, ಮೆಟ್ಟಿಲಿಳಿದರೆ ಬೀದಿ. ಟೈಲರಮ್ಮನಿಗೆ ಅಷ್ಟೇ ಸಾಕಿತ್ತು.

“ನಾಳೆ ಬೆಳಿಗ್ಗೆ ಕೆಳಗಿನ ಊರಿಗೆ ಹೊರಡೋದು,” ಎಂದ ಗಂಡ, ಕೇಳಿಯೂ ಕೇಳಿಸದವನಂತೆ. “ಅಲ್ಲಿ ಬಿಸಿಲಿದೆ.”

ಅವಳು ತನ್ನ ಸೂಜಿಡಬ್ಬಿಯನ್ನು ತೆಗೆದು ಬಾಗಿಲ ಬಳಿ ಇಟ್ಟಳು. ಆ ರಾತ್ರಿ ಚಳಿ ಹಲ್ಲು ಕಟಕಟಿಸುವಂತಿತ್ತು. ಬೆಳಿಗ್ಗೆ ಕೈಬೆರಳು ಮರಗಟ್ಟಿದ್ದರೆ ಮಷೀನಿನ ಮುಂದೆ ಮಾನ ಹೋದೀತೆಂದು ಹೆದರಿ, ಬಾಗಿಲ ಅಂಚಿಗೆಲ್ಲ ಬಟ್ಟೆಯ ಪಟ್ಟಿ ಬಿಗಿದಳು. ಗಂಡ ಯಾವಾಗಲೂ ತೆರೆದಿಡು ಎನ್ನುತ್ತಿದ್ದ ಛಾವಣಿಯ ಗಾಳಿಕಿಂಡಿಗೂ ಚಿಂದಿ ತುರುಕಿದಳು.

ಬೆಳಗಾಯಿತು. ಹಿಡಿ ತಿರುಗಿತು, ಬಾಗಿಲು ಅಲುಗಲಿಲ್ಲ. ಗಂಡ ಭುಜ ಕೊಟ್ಟ, ಕಾಲಲ್ಲಿ ಒದ್ದ. ಪಟ್ಟಿ ಕಿತ್ತು ನೋಡಿದರೆ ಅಂಚಿನುದ್ದಕ್ಕೂ ಮಂಜುಗಡ್ಡೆ. ಇಬ್ಬರ ಉಸಿರಿನ ಹಬೆ ಹೊರದಾರಿ ಕಾಣದೆ, ಬಾಗಿಲ ಸಂದಿಯಲ್ಲಿ ಕೂತು ಹೆಪ್ಪುಗಟ್ಟಿತ್ತು. ತಾನೇ ತೋಡಿದ ಗುಂಡಿಗೆ ತಾನೇ ಬಿದ್ದೆನಲ್ಲ ಎಂದು ಟೈಲರಮ್ಮ ತಲೆ ಚಚ್ಚಿಕೊಂಡಳು. ನೀರು ಕಾಯಿಸೋಣವೆಂದರೆ ಗ್ಯಾಸ್ ಹಿಂದಿನ ಸಂಜೆಯೇ ಮುಗಿದಿತ್ತು. ಹಾಸಿಗೆಯ ಚೀಲಗಳನ್ನು ಒತ್ತಿ ನೋಡಿದಳು, ಅವೂ ಆರಿದ್ದವು. ಕತ್ತರಿಯಿಂದ ಗಡ್ಡೆ ಕೆತ್ತಿದಳು. ಬಾಗಿಲಂಚಿನ ರಬ್ಬರ್ ಹರಿಯಿತೇ ಹೊರತು ಬಾಗಿಲು ಬಿಡಲಿಲ್ಲ.

“ಹೀಟರ್ ಹಾಕ್ರೀ.”

“ಹಾಕಿದ್ರೆ ಬ್ಯಾಟರಿ ಖಾಲಿ, ಗಾಡಿ ಸ್ಟಾರ್ಟ್ ಆಗಲ್ಲ. ಬಿಸಿಲೇರಿದ್ರೆ ತಾನೇ ಬಿಡುತ್ತೆ ಕಣೇ, ಸುಮ್ನಿರು.”

“ಅಷ್ಟೊತ್ತಿಗೆ ಆ ಇನ್ನೊಬ್ಬಳು ಮಷೀನ್ ಮುಂದೆ ಕೂತಿರ್ತಾಳೆ.”

ಗಂಡನ ಮುಖದಲ್ಲಿ ಹಾಯೆನಿಸಿದ ಒಂದು ಕಳೆ ಸುಳಿದುಹೋಯಿತು. ಅದನ್ನು ಕಂಡದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಇವನಿಗೆ ಅದೇ ಬೇಕಿತ್ತು.

“ಕೂತ್ರೆ ಸಾಯ್ತೀನಿ ಅಂತೀರಲ್ಲ, ಮೂರು ವರ್ಷದಿಂದ ಈ ಡಬ್ಬಿಯೊಳಗೆ ಕೂತಿರೋಳು ನಾನು. ನೀವು ಮುಂದೆ ಕೂತು ದಾರಿ ನೋಡ್ತೀರಿ. ನಾನು ಹಿಂದೆ ಕೂತು ತಗಡು ನೋಡ್ತೀನಿ. ಇವಳು ಬದುಕಿದಾಳಾ ಸತ್ತಿದಾಳಾ ಅಂತ ಒಂದಿನ ಕೇಳಿದೀರಾ?”

ಬಾಗಿಲಿಗೆ ಎರಡೂ ಕೈಯಲ್ಲಿ ಬಡಿದಳು. ಬೀದಿಯಲ್ಲಿ ಯಾರೂ ಇದ್ದಂತಿರಲಿಲ್ಲ. ಅಲ್ಲೇ ಕುಸಿದು ಕೂತಳು.

ಗಂಡ ತುಂಬ ಹೊತ್ತು ತಗಡಿನ ಗೋಡೆಯನ್ನೇ ನೋಡುತ್ತ ನಿಂತ. ಅವಳು ಕೂರುವ ಕಡೆಯಿಂದ ಅದನ್ನು ಅವನು ಎಂದೂ ಗಮನಿಸಿ ನೋಡಿರಲಿಲ್ಲ. ಆಮೇಲೆ ಕಪಾಟು ತೆಗೆದ. ಹೀಟರಿನ ಧೂಳು ಒರೆಸಿ, ತಂತಿ ಸಿಕ್ಕಿಸಿ, ಮಂಡಿಯೂರಿ ಬಾಗಿಲಿಗೆ ಹಿಡಿದ. ಛಾವಣಿಯ ದೀಪ ಮಂಕಾಗಿ ಹಳದಿಯಾಯಿತು, ಕೆಂಪಾಯಿತು. ಗಡ್ಡೆಯಿಂದ ನೀರಿಳಿಯತೊಡಗಿತು. ದೀಪ ಪೂರ್ತಿ ಆರುವ ಹೊತ್ತಿಗೆ ಬಾಗಿಲು ಲಟಕ್ಕೆಂದು ಬಿಟ್ಟುಕೊಂಡಿತು.

“ಓಡು,” ಎಂದ ಅವನು, ಅವಳ ಮುಖ ನೋಡದೆ.

ತಲೆಯನ್ನೂ ಬಾಚದೆ ಟೈಲರಮ್ಮ ಓಡಿದಳು. ಶಟರ್ ಅರ್ಧ ಎದ್ದಿತ್ತು.

ಸಂಜೆ ಗಂಡ ಬ್ಯಾಟರಿ ಹೊತ್ತು ಏದುಸಿರು ಬಿಡುತ್ತ ಮೇಲಿನ ಕೋಣೆಗೆ ಬಂದ. “ಚಾರ್ಜ್ ಆಗೋವರೆಗೆ ಮಾತ್ರ,” ಎಂದು ಮೂಲೆಯಲ್ಲಿಟ್ಟು ಚಾರ್ಜರ್ ಸಿಕ್ಕಿಸಿದ. ಕೆಂಪು ದೀಪ ಹತ್ತಿತು. ತುಂಬಿದ ಮೇಲೆ ಅದು ಹಸಿರಾಗುವುದು. ಬೆಚ್ಚಗಿನ ಕೋಣೆಯಲ್ಲಿ ಅವನಿಗೆ ನಿದ್ದೆ ಬಾರದು, ಊಟ ಸೇರದು. ಕಿಟಕಿ ತೆಗೆಯುವನು, ಮುಚ್ಚುವನು, ಸುಮ್ಮನೆ ಮೆಟ್ಟಿಲಿಳಿದು ಹತ್ತುವನು. ಅದು ಎಂಥ ಸಂಕಟವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಗೆದ್ದೆನೆಂಬ ಖುಷಿ ಅವಳಿಗೂ ಹತ್ತಲಿಲ್ಲ.

ಒಂದು ಸಂಜೆ ಕೆಲಸ ಮುಗಿಸಿ ಮೇಲೆ ಬಂದಾಗ ಮೂಲೆಯ ಗೋಡೆಯೆಲ್ಲ ಹಸಿರು. ಅವಳು ಹೊಸ್ತಿಲಲ್ಲೇ ನಿಂತಳು. ಗಂಡ ಬೆನ್ನು ಹಾಕಿ ಕಿಟಕಿಯಲ್ಲಿ ನಿಂತು, ಕೆಳಗಿನ ಗಾಡಿಯನ್ನೇ ನೋಡುತ್ತಿದ್ದ.

“ಚಾರ್ಜ್ ಆಯ್ತೇನ್ರೀ?”

“ಹಳೇ ಬ್ಯಾಟರಿ ಅಲ್ವಾ,” ಎಂದ ಅವನು, ತಿರುಗದೆ. “ಇನ್ನೂ ಸ್ವಲ್ಪ ಹಿಡಿಯುತ್ತೆ.”

ಟೈಲರಮ್ಮ ಸೆರಗಿಗೆ ಅಂಟಿಕೊಂಡಿದ್ದ ಪರದೆಯ ತುಂಡೊಂದನ್ನು ಬಿಡಿಸಿ, ಆ ಹಸಿರು ದೀಪದ ಮೇಲೆ ಹೊದಿಸಿದಳು.